ಸಾಲಿನ ಕೊನೆಯ ಕೈ

ಗ್ರೀಕ್ ಕುಣಿತ ಅಂದರೆ ನನಗೆ ಗೊತ್ತಿದ್ದದ್ದು 'ಜೋರ್ಬಾ ದ ಗ್ರೀಕ್' ಸಿನಿಮಾದ ಸಿರ್ತಾಕಿ ಒಂದೇ. ಅದು 1964ರ ಆ ಸಿನಿಮಾಕ್ಕೆಂದೇ ಕಟ್ಟಿದ್ದು, ಅಜ್ಜ ಮುತ್ತಜ್ಜರಿಂದ ಬಂದದ್ದಲ್ಲ ಅಂತ ಆಮೇಲೆ ತಿಳೀತು. ಹಾಗಾದರೆ ಅಥೆನ್ಸಿನಲ್ಲಿ ಆಫೀಸು ಮುಗಿಸಿಕೊಂಡು ಹಳೇ ಕುಣಿತಗಳ ಕ್ಲಾಸಿಗೆ ಹೋಗುವ ದೊಡ್ಡವರು ಕಲಿಯೋದಾದ್ರೂ ಏನನ್ನು?

ಹಳ್ಳಿಯಲ್ಲಿ ಇದಕ್ಕೆ ಕ್ಲಾಸು ಇರಲಿಲ್ಲ. ಮದುವೆಯಲ್ಲಿ, ಊರ ಸಂತನ ಹಬ್ಬದಲ್ಲಿ ಜನ ಕೈ ಕೈ ಹಿಡಿದು ಸಾಲು ಕಟ್ಟುತ್ತಿದ್ದರು. ಬಲ್ಲವರು ಮುಂದೆ, ಮಕ್ಕಳು ಬಾಲದಲ್ಲಿ. ಬಾಲದಲ್ಲಿ ಎಡವಿದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೋಡನೋಡುತ್ತಾ ಕಾಲಿಗೆ ಹತ್ತಿಬಿಡುತ್ತಿತ್ತು.

ಆ ಸಾಲಿಗೆ ದೊಡ್ಡ ಪೆಟ್ಟು ಬಿದ್ದದ್ದು 1922ರಲ್ಲಿ. ಟರ್ಕಿಯೆದುರು ಗ್ರೀಕ್ ಸೇನೆ ಸೋತಿತು. ಮರುವರ್ಷ ಲೊಸಾನ್‌ನಲ್ಲಿ ಎರಡೂ ದೇಶಗಳು ಜನರನ್ನೇ ಅದಲುಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದರು, 4 ಲಕ್ಷದಷ್ಟು ಮುಸ್ಲಿಮರು ಟರ್ಕಿಗೆ ಹೋದರು. ಕಪ್ಪು ಸಮುದ್ರದ ದಂಡೆಯ ಪೊಂಟಿಕ್ ಗ್ರೀಕರ ಜೊತೆ ಮೂರು ತಂತಿಯ ಲೀರಾ ಬಂತು, ಅವರ ಕುಣಿತವೂ ಬಂತು. ಊರು ಮಾತ್ರ ಗಡಿಯಾಚೆ ಉಳೀತು. ಮುಂದೆ ಎರಡನೇ ಮಹಾಯುದ್ಧ, ಅಂತರ್ಯುದ್ಧ ಕಳೆದ ಮೇಲೆ ಗ್ರೀಸಿನ ಬೆಟ್ಟದ ಹಳ್ಳಿಗಳೂ ಖಾಲಿಯಾಗತೊಡಗಿದವು. ಜನ ಅಥೆನ್ಸಿಗೆ, ಜರ್ಮನಿಗೆ, ಆಸ್ಟ್ರೇಲಿಯಾಕ್ಕೆ ಹೋದರು. ಹೋದಲ್ಲೆಲ್ಲ ಊರಿನ ಹೆಸರಲ್ಲಿ ಸಂಘ ಕಟ್ಟಿಕೊಂಡರು, ಸಂಘದಲ್ಲೇ ಕುಣಿತ ಹೇಳಿಕೊಡೋಕೆ ಶುರುಮಾಡಿದರು.

ಡೋರಾ ಸ್ಟ್ರಾಟು ಕಥೆ ಬರೋದು ಇಲ್ಲೇ. ಹಳ್ಳಿಯವರಲ್ಲ, ಅಥೆನ್ಸಿನ ದೊಡ್ಡ ಮನೆತನದ ಹೆಣ್ಣುಮಗಳು. 1922ರ ಸೋಲಿಗೆ ಹೊಣೆ ಮಾಡಿ ಗುಂಡಿಟ್ಟು ಕೊಂದ ಆರು ಜನರಲ್ಲಿ ಅವರ ಅಪ್ಪನೂ ಒಬ್ಬರು, ಮಾಜಿ ಪ್ರಧಾನಿ. ಆ ಮಗಳೇ 1953ರಲ್ಲಿ ತಂಡ ಕಟ್ಟಿ, ಊರೂರು ಅಲೆದು ಕುಣಿತ, ಹಾಡು, ಉಡುಪುಗಳನ್ನು ಕೂಡಿಸಿದರು. ಫಿಲೊಪಾಪು ಗುಡ್ಡದಲ್ಲಿ ಅವರ ರಂಗಮಂದಿರ ಇವತ್ತೂ ಇದೆ.

ಕಲಾಮಟಿಯಾನೊಸ್ ಅನ್ನೋ ಕುಣಿತ ಏಳು ಎಣಿಕೆಯದು, ಮೂರು-ಎರಡು-ಎರಡು. ನಮ್ಮ ಮಿಶ್ರಚಾಪು ಗೊತ್ತಿದ್ದವರ ಕಿವಿ ನಿಮಿರುತ್ತೆ. ಹೆಜ್ಜೆ ಹನ್ನೆರಡು. ದೊಡ್ಡವರು ಮನಸ್ಸಲ್ಲೇ ಎಣಿಸ್ತಾ ಎಡವುತ್ತಾರೆ. ಮಕ್ಕಳಿಗೆ ಪುಕ್ಕಟೆ ಸಿಗುತ್ತಿದ್ದ ಬಾಲದ ಜಾಗಕ್ಕೆ ಇವರು ಫೀಸು ಕಟ್ಟಬೇಕು ಅನ್ನಿಸುತ್ತೆ ನನಗೆ.

ಆಗಸ್ಟ್ 15ಕ್ಕೆ ಅಲ್ಲಿ ಮಾತೆ ಮೇರಿಯ ಹಬ್ಬ. ನಗರದವರು ಊರಿಗೆ ಹೊರಡುತ್ತಾರೆ, ಚೌಕದಲ್ಲಿ ಸಾಲು ಕಟ್ಟುತ್ತೆ. ಹೆಜ್ಜೆ ಬಾರದವನು ತನ್ನೂರಲ್ಲೇ ನೆಂಟನ ಹಾಗೆ ಪಕ್ಕಕ್ಕೆ ನಿಲ್ಲಬೇಕು. ನಮ್ಮೂರ ಜಾತ್ರೆಯಲ್ಲಿ ಮೊಬೈಲು ಹಿಡಿದು ವಿಡಿಯೊ ಮಾಡ್ತಾ ನಿಲ್ಲುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ ಬಿಡಿ. ಚಳಿಗಾಲವಿಡೀ ಎಣಿಸಿ ಕಲಿತವನು ಆ ರಾತ್ರಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಸಾಲಿನ ಕೊನೆಯ ಕೈ ಹಿಡೀಬಹುದು.