ಕಾರು ಚಾಲೂ ಆಗದಿರುವುದು (ದೋಷಪತ್ತೆ)

ದೀಪ, ಹಾರನ್, ರೇಡಿಯೊ ಮೊದಲಾದ ವಿದ್ಯುತ್ ಉಪಕರಣಗಳೆಲ್ಲ ಕೆಲಸ ಮಾಡುತ್ತಿದ್ದರೂ ಕೀಲಿ ತಿರುಗಿಸಿದಾಗ ಕಾರಿನ ಎಂಜಿನ್ ಚಾಲೂ ಆಗದಿರುವುದು ವಾಹನಗಳಲ್ಲಿ ಪದೇ ಪದೇ ಕಂಡುಬರುವ ದೋಷ. ದೀಪ ಉರಿಯುತ್ತಿದೆಯಾದ್ದರಿಂದ ಬ್ಯಾಟರಿ ಸರಿಯಾಗಿದೆ ಎಂಬ ತೀರ್ಮಾನಕ್ಕೆ ಬರುವುದು ಸಹಜವಾದರೂ ಸರಿಯಲ್ಲ. ಇದರಿಂದಾಗಿ ಕೆಟ್ಟಿಲ್ಲದ ಸ್ಟಾರ್ಟರ್ ಮೋಟರನ್ನು ಬಿಚ್ಚಿ ಬದಲಾಯಿಸುವುದೂ ಉಂಟು. ದೋಷಪತ್ತೆಯಲ್ಲಿ ಮೊದಲು ನಿರ್ಧರಿಸಬೇಕಾದುದು, ಎಂಜಿನ್ ತಿರುಗುತ್ತಲೇ ಇಲ್ಲವೇ ಅಥವಾ ತಿರುಗಿದರೂ ಹೊತ್ತಿಕೊಳ್ಳುತ್ತಿಲ್ಲವೇ ಎಂಬುದನ್ನು. ಎರಡರ ಕಾರಣಗಳೂ ಬೇರೆ ಬೇರೆ.

ಹಿನ್ನೆಲೆ

ಆರಂಭಕಾಲದ ಕಾರುಗಳ ಎಂಜಿನ್ನನ್ನು ಮುಂಭಾಗದ ಹಿಡಿಕೆಯಿಂದ ಕೈಯಲ್ಲೇ ತಿರುಗಿಸಬೇಕಿತ್ತು. ಹಿಡಿಕೆ ಹಿಮ್ಮುಖವಾಗಿ ಒದ್ದು ಕೈ ಮುರಿಯುವ ಅಪಾಯವಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಳಕೆಗೆ ಬಂದಿತು. ಅಂದಿನಿಂದ ಎಂಜಿನ್ ಚಾಲೂ ಆಗುವ ಹೊಣೆ ಬ್ಯಾಟರಿಯ ಮೇಲೆ ಬಿದ್ದಿದೆ.

ದೀಪ ಮತ್ತು ಸ್ಟಾರ್ಟರ್

ಕಾರಿನ ಎರಡು ಮುಂದೀಪಗಳು ತಲಾ 55 ವ್ಯಾಟ್‌ನವಾದರೆ, 12 ವೋಲ್ಟ್‌ನಲ್ಲಿ ಅವು ಬಳಸುವ ವಿದ್ಯುತ್ ಪ್ರವಾಹ ಒಟ್ಟು ಸುಮಾರು 9 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟರಿಗೆ ಬೇಕಾದುದು ನೂರರಿಂದ ಇನ್ನೂರು ಆಂಪಿಯರ್. ಬ್ಯಾಟರಿಯ ತುದಿಯಲ್ಲಿ ಬಿಳಿ ಅಥವಾ ಹಸಿರು ಬಣ್ಣದ ಕಿಲುಬು ಕಟ್ಟಿ, ಅಲ್ಲಿ 0.02 ಓಮ್‌ನಷ್ಟು ರೋಧ ಉಂಟಾಗಿದೆ ಎಂದುಕೊಳ್ಳೋಣ. ಓಮನ ನಿಯಮದಂತೆ ದೀಪಗಳಿಗೆ ನಷ್ಟವಾಗುವುದು 0.18 ವೋಲ್ಟ್; ಅದು ಕಣ್ಣಿಗೆ ತಿಳಿಯುವುದೇ ಇಲ್ಲ. ಆದರೆ ಅದೇ ಸಂಧಿಯ ಮೂಲಕ 150 ಆಂಪಿಯರ್ ಹರಿಯಬೇಕಾದರೆ 3 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ, ಮೋಟರ್ ತಿರುಗುವುದಿಲ್ಲ. ಪ್ರೌಢಶಾಲೆಯ ಭೌತವಿಜ್ಞಾನ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ಸಂದರ್ಭಗಳು ಕಡಿಮೆ.

ಪೂರ್ಣವಾಗಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಹಳೆಯ ಬ್ಯಾಟರಿಯೂ ಸುಮ್ಮನಿರುವಾಗ ಅದಕ್ಕೆ ಹತ್ತಿರದ ಅಂಕಿಯನ್ನೇ ತೋರಿಸಬಹುದಾದ್ದರಿಂದ, ಕೀಲಿ ತಿರುಗಿಸಿ ಸ್ಟಾರ್ಟರಿಗೆ ಹೊರೆ ಬಿದ್ದಾಗಲೇ ಅಳೆಯಬೇಕು. ಆಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆಯೆಂದು ತಿಳಿಯಬಹುದು. ಸಂಧಿಯ ದೋಷ ತಿಳಿಯಲು ವೋಲ್ಟ್‌ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಅದಕ್ಕೆ ಬಿಗಿದ ಹಿಡಿಕೆಗೂ ಮುಟ್ಟಿಸಿ ಕೀಲಿ ತಿರುಗಿಸಬೇಕು. ಸೊನ್ನೆಗೆ ಸಮೀಪದ ಅಂಕಿ ಬರಬೇಕು. ಅರ್ಧ ವೋಲ್ಟ್ ಬಂದರೆ ಸಂಧಿಯನ್ನು ಬಿಚ್ಚಿ ಉಜ್ಜಿ ಮತ್ತೆ ಬಿಗಿಯಬೇಕು. ಎಂಜಿನ್‌ನಿಂದ ಕಾರಿನ ಕವಚಕ್ಕೆ ಹೋಗುವ ಭೂಸಂಪರ್ಕದ ಪಟ್ಟಿಯನ್ನು ನೋಡಲು ಬಹಳ ಜನ ಮರೆಯುತ್ತಾರೆ.

ಶಬ್ದದಿಂದ ತಿಳಿಯುವುದು

ಮುಂದೀಪ ಉರಿಸಿಟ್ಟು ಕೀಲಿ ತಿರುಗಿಸುವುದು ಉಪಕರಣವಿಲ್ಲದೆ ಮಾಡಬಹುದಾದ ಒಳ್ಳೆಯ ಪರೀಕ್ಷೆ. ದೀಪ ತೀರಾ ಮಂಕಾದರೆ ಬ್ಯಾಟರಿ ಅಥವಾ ಸಂಧಿಯನ್ನು ಶಂಕಿಸಬೇಕು. ಇಂಥಲ್ಲಿ ಟಕಟಕನೆ ವೇಗದ ಸದ್ದೂ ಕೇಳುವುದುಂಟು: ಸೊಲಿನಾಯ್ಡ್ ಎಳೆದುಕೊಂಡೊಡನೆ ವೋಲ್ಟೇಜ್ ಕುಸಿಯುತ್ತದೆ, ಸೊಲಿನಾಯ್ಡ್ ಬಿಟ್ಟುಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಅದು ಮತ್ತೆ ಎಳೆಯುತ್ತದೆ. ದೀಪ ಮಂಕಾಗದೆ ಒಂದೇ ಒಂದು ಗಟ್ಟಿಯಾದ ‘ಟಕ್’ ಕೇಳಿದರೆ ಸೊಲಿನಾಯ್ಡಿನ ಸಂಪರ್ಕ ಅಥವಾ ಮೋಟರಿನ ಸವೆದ ಬ್ರಷ್‌ಗಳು ಕಾರಣವಾಗಿರಬಹುದು. ಸದ್ದೂ ಇಲ್ಲ, ದೀಪವೂ ಮಂಕಾಗಲಿಲ್ಲ ಎಂದರೆ ಆದೇಶವೇ ಸ್ಟಾರ್ಟರಿಗೆ ತಲುಪುತ್ತಿಲ್ಲ. ಕೀಲಿಯ ಸ್ವಿಚ್, ರಿಲೇ, ಫ್ಯೂಸ್, ಕೆಲವು ಕಾರುಗಳಲ್ಲಿ ಕ್ಲಚ್ ಸ್ವಿಚ್, ಸ್ವಯಂಚಾಲಿತ ಗೇರಿನ ಕಾರಾದರೆ ಗೇರ್ ಸ್ವಿಚ್ ಇವುಗಳನ್ನು ನೋಡಬೇಕು. ಗೇರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ತಂದ ಮಾತ್ರಕ್ಕೆ ಚಾಲೂ ಆದ ಕಾರುಗಳುಂಟು.

ತಿರುಗಿದರೂ ಹೊತ್ತಿಕೊಳ್ಳದಿದ್ದಾಗ

ಸ್ಟಾರ್ಟರ್ ಎಂಜಿನ್ನನ್ನು ಎಂದಿನ ವೇಗದಲ್ಲಿ ತಿರುಗಿಸುತ್ತಿದ್ದರೆ ಬ್ಯಾಟರಿಯ ವಿಚಾರವನ್ನು ಬಹುಮಟ್ಟಿಗೆ ಬಿಡಬಹುದು. ಪೆಟ್ರೋಲ್ ಎಂಜಿನ್ನಿಗೆ ಬೇಕಾದುದು ಇಂಧನ, ಗಾಳಿ, ಒತ್ತಡ ಮತ್ತು ಸಕಾಲದ ಕಿಡಿ. ಇಂಧನ ಸೂಚಕವನ್ನು ನಂಬುವ ಮುನ್ನ ಟ್ಯಾಂಕಿನಲ್ಲಿ ನಿಜವಾಗಿ ಇಂಧನವಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಇಂಜೆಕ್ಷನ್ ವ್ಯವಸ್ಥೆಯ ಅನೇಕ ಕಾರುಗಳಲ್ಲಿ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಂದಾಗ ಹಿಂಭಾಗದಿಂದ ಪಂಪಿನ ಗುಂಯ್‌ಗುಟ್ಟುವ ಸದ್ದು ಒಂದೆರಡು ಸೆಕೆಂಡು ಕೇಳುತ್ತದೆ; ಅದು ನಿಂತುಹೋಗಿದ್ದರೆ ಪಂಪಿನ ಫ್ಯೂಸ್ ಅಥವಾ ರಿಲೇ ನೋಡಬೇಕು. ಕ್ರ್ಯಾಂಕ್‌ಶಾಫ್ಟಿನ ಸ್ಥಾನ ತಿಳಿಸುವ ಸೆನ್ಸರ್ ಕೆಟ್ಟರೆ ಕಿಡಿ, ಇಂಧನ ಎರಡೂ ನಿಲ್ಲಬಹುದು. ಎಂಜಿನ್ ಎಂದಿಗಿಂತ ಹಗುರಾಗಿ, ಸರಾಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಆಗ ಮತ್ತೆ ಮತ್ತೆ ತಿರುಗಿಸುವುದರಿಂದ ಕವಾಟಗಳಿಗೆ ಹಾನಿಯಾಗುವ ಸಂಭವವಿದೆ.

ಡ್ಯಾಶ್‌ಬೋರ್ಡಿನಲ್ಲಿ ಕೀಲಿ ಅಥವಾ ಬೀಗದ ಚಿಹ್ನೆ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ಕೀಲಿಯೊಳಗಿನ ಚಿಪ್ಪನ್ನು ಗುರುತಿಸಿಲ್ಲವೆಂದು ಅರ್ಥ. ಎರಡನೆಯ ಕೀಲಿಯಿಂದ ಪ್ರಯತ್ನಿಸಬಹುದು. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯ ಪ್ರಶ್ನೆಯಿಲ್ಲ. ಅಲ್ಲಿ ಚಳಿಗಾಲದಲ್ಲಿ ಗ್ಲೋ ಪ್ಲಗ್, ಟ್ಯಾಂಕ್ ಬರಿದಾಗಿ ತುಂಬಿಸಿದ ಮೇಲೆ ಕೊಳವೆಯೊಳಗಿನ ಗಾಳಿ ಇವೇ ಮುಖ್ಯ.

ಎಚ್ಚರಿಕೆಗಳು

ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಬೇರೆ ಕಾರಿನ ಬ್ಯಾಟರಿಯ ನೆರವು ಪಡೆಯುವಾಗ ಧನ ತುದಿಗಳನ್ನು ಮೊದಲು ಜೋಡಿಸಿ, ಕೊನೆಯ ಕಪ್ಪು ತಂತಿಯನ್ನು ದುರ್ಬಲ ಬ್ಯಾಟರಿಗಲ್ಲ, ಅದರಿಂದ ದೂರದ ಎಂಜಿನ್ ಲೋಹಕ್ಕೆ ಕಚ್ಚಿಸಬೇಕು. ಬ್ಯಾಟರಿಯಿಂದ ಹೊರಬರುವ ಜಲಜನಕ ಕಿಡಿಯಿಂದ ಸಿಡಿಯಬಲ್ಲದು. ಮಾರ್ಗದಲ್ಲಿ ತಳ್ಳಿ ಚಾಲೂ ಮಾಡುವ ರೂಢಿ ಕೈ ಗೇರಿನ ಕಾರಿಗೆ ಮಾತ್ರ ಸಲ್ಲುತ್ತದೆ. ಎಂಜಿನ್ ನಿಂತಿರುವಾಗ ಬ್ರೇಕಿಗೆ ನಿರ್ವಾತದ ಸಹಾಯ ದೊರೆಯದ ಕಾರಣ, ಇಳಿಜಾರಿನಲ್ಲಿ ಹೀಗೆ ಮಾಡಿದರೆ ಪೆಡಲನ್ನು ಎಂದಿಗಿಂತ ಬಲವಾಗಿ ಒತ್ತಬೇಕಾಗುತ್ತದೆ.