ಯಂತ್ರದ ನಡುಕ ಮತ್ತು ಒಂದು ಗಣಿತ



ಸೈನ್, ಕೊಸೈನ್‌ಗಳಿಂದ ಬದುಕಿನಲ್ಲಿ ಏನು ಪ್ರಯೋಜನವೆಂದು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. ಗೋಪುರದ ಎತ್ತರವನ್ನು ಅಳೆಯಬಹುದು ಎಂಬ ಪಠ್ಯಪುಸ್ತಕದ ಉತ್ತರ ಕೇಳಿದವರಿಗೂ ರುಚಿಸುತ್ತಿರಲಿಲ್ಲ, ನನಗೂ ರುಚಿಸುತ್ತಿರಲಿಲ್ಲ. ನಿವೃತ್ತಿಯ ಬಿಡುವಿನಲ್ಲಿ ಓದಿಕೊಂಡ ಒಂದು ಇತಿಹಾಸವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಲೋಹವನ್ನು ಕತ್ತರಿಸುವ ಯಂತ್ರಗಳಿಗೆ ಒಂದು ಹಳೆಯ ಕಾಯಿಲೆಯುಂಟು. ಕೆಲಸ ಸುಗಮವಾಗಿ ನಡೆಯುತ್ತಿರುವಾಗಲೇ ಯಂತ್ರ ನಡುಗಿ ಕಿರುಚತೊಡಗುತ್ತದೆ. ಲೋಹದ ಮೈಮೇಲೆ ಅಲೆಯಂಥ ಗೆರೆಗಳು ಮೂಡುತ್ತವೆ. ಕಾರ್ಖಾನೆಯವರು ಇದನ್ನು ಚಾಟರ್ ಎನ್ನುತ್ತಾರೆ. ಅಮೆರಿಕದ ಫ್ರೆಡೆರಿಕ್ ಟೇಲರ್ 1906ರಲ್ಲಿ ಲೋಹ ಕತ್ತರಿಸುವ ಕಲೆಯ ಕುರಿತು ನೀಡಿದ ಸುದೀರ್ಘ ಉಪನ್ಯಾಸದಲ್ಲಿ, ಕೆಲಸಗಾರನ ಸಮಸ್ಯೆಗಳಲ್ಲೆಲ್ಲ ಅತ್ಯಂತ ಗೂಢವಾದದ್ದು ಇದೇ ಎಂದಿದ್ದರು. ಇದಕ್ಕೆ ಸೂತ್ರವೊಂದು ದೊರಕೀತೆಂಬ ಭರವಸೆ ಅವರಿಗಿರಲಿಲ್ಲ. ಸೂತ್ರವಿಲ್ಲದ ಕಡೆ ಕಿವಿಯೇ ಗುರು. ಟರ್ನರ್ ಆಗಿದ್ದ ನಮ್ಮ ಸೋದರಮಾವನವರು ದನಿ ಬದಲಾದೊಡನೆ ಲೇತಿನ ವೇಗವನ್ನು ತಗ್ಗಿಸುತ್ತಿದ್ದರೆಂಬುದು ನಮ್ಮ ಬಂಧುಗಳಿಗೆ ನೆನಪಿರಬಹುದು.

ಈ ಗಂಟನ್ನು ಬಿಡಿಸಿದವರಲ್ಲಿ ಮುಖ್ಯರು ಪ್ರಾಗ್ ನಗರದ ಯಂತ್ರೋಪಕರಣ ಸಂಶೋಧನಾ ಸಂಸ್ಥೆಯಲ್ಲಿದ್ದ ಯಿರ್ಜಿ ಟ್ಲುಸ್ಟಿ ಮತ್ತು ಅವರ ಸಂಗಡಿಗರು. ಇಂಗ್ಲೆಂಡಿನಲ್ಲಿ ಟೋಬಿಯಾಸ್, ಫಿಶ್‌ವಿಕ್ ಎಂಬಿಬ್ಬರೂ ಅದೇ ಕಾಲಕ್ಕೆ, 1958ರಲ್ಲಿ, ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ತಿರುಳು ಸರಳವಾಗಿದೆ. ನಡುಗುತ್ತ ಸಾಗುವ ಕಟರಿನ ಹಲ್ಲು ಲೋಹದ ಮೇಲೆ ಅಲೆಯನ್ನು ಬಿಟ್ಟು ಹೋಗುತ್ತದೆ. ಹಿಂದೆ ಬರುವ ಹಲ್ಲು ಆ ಅಲೆಯನ್ನು ಕತ್ತರಿಸುತ್ತ ತಾನೂ ಒಂದು ಅಲೆಯನ್ನು ಬರೆಯುತ್ತದೆ. ಎರಡೂ ಅಲೆಗಳು ಹೊಂದದಿದ್ದರೆ ಚೂರಿನ ದಪ್ಪ ಏರಿಳಿಯುತ್ತದೆ. ಅದರೊಡನೆ ಬಲವೂ ಏರಿಳಿದು ನಡುಕ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅಲೆಗಳು ಹೆಜ್ಜೆಗೆ ಹೆಜ್ಜೆ ಹೊಂದಿದರೆ ದಪ್ಪ ಒಂದೇ ಸಮನಾಗಿ ಉಳಿದು ನಡುಕ ತಾನಾಗಿ ತಣಿಯುತ್ತದೆ. ಎರಡು ಸೈನ್ ಅಲೆಗಳ ನಡುವಣ ಕೋನಾಂತರ ಎಂದು ಕಪ್ಪುಹಲಗೆಯ ಮೇಲೆ ನಾನು ಬರೆಯುತ್ತಿದ್ದುದು ಇದನ್ನೇ.

ಒಂದು ಲೆಕ್ಕ ಮಾಡೋಣ. ಎರಡು ಹಲ್ಲಿನ ಕಟರು. ಅದರ ಸಹಜ ಕಂಪನ ಸೆಕೆಂಡಿಗೆ 1000 ಎನ್ನಿ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಸರಿಯಾಗಿ ಒಂದು ಅಲೆ ಮೂಡಬೇಕಾದರೆ ನಿಮಿಷಕ್ಕೆ 30000 ಸುತ್ತು ಬೇಕು. ಎರಡು ಅಲೆಗೆ 15000, ಮೂರಕ್ಕೆ 10000, ನಾಲ್ಕಕ್ಕೆ 7500. ಈ ವೇಗಗಳ ಆಸುಪಾಸಿನಲ್ಲಿ ಹೆಚ್ಚು ಆಳವಾಗಿ ಕತ್ತರಿಸಬಹುದು. ಕೆಳಗಿಳಿದಂತೆ ಇವು ಒತ್ತೊತ್ತಾಗುತ್ತವೆ, ಮೇಲೇರಿದಂತೆ ವಿಶಾಲವಾಗುತ್ತವೆ. ಎಂದರೆ, ನಡುಗುವ ಯಂತ್ರಕ್ಕೆ ಕೆಲವೊಮ್ಮೆ ವೇಗವನ್ನು ಹೆಚ್ಚಿಸುವುದೇ ಮದ್ದು! ನಮ್ಮ ಮಾವನವರಿಗೆ ಹೇಳಿದ್ದರೆ ಖಂಡಿತ ನಕ್ಕುಬಿಡುತ್ತಿದ್ದರು. ಅಲ್ಯೂಮಿನಿಯಂ ಗಟ್ಟಿಯನ್ನು ಕೊರೆದು ವಿಮಾನದ ತೆಳುಗೋಡೆಯ ಭಾಗಗಳನ್ನು ಮಾಡುವವರಿಗೆ ಈ ತಿಳಿವು ವರವಾಯಿತು.

ಆದರೆ 1968ರ ಆಗಸ್ಟಿನಲ್ಲಿ ಪ್ರಾಗ್‌ಗೆ ಟ್ಯಾಂಕುಗಳು ನುಗ್ಗಿದವು. ಆ ಬಳಿಕ ಟ್ಲುಸ್ಟಿ ದೇಶ ಬಿಟ್ಟು, ಮುಂದೆ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, ಅನಂತರ ಫ್ಲೋರಿಡಾದಲ್ಲಿ ಪಾಠ ಹೇಳಿದರು. ನಡುವಯಸ್ಸಿನಲ್ಲಿ ಪರದೇಶದಲ್ಲಿ, ಪರಭಾಷೆಯಲ್ಲಿ ಮತ್ತೆ ಮೊದಲಿಟ್ಟ ಆ ಮೇಷ್ಟರ ಬಗೆಗೆ ನನಗೆ ಹೆಚ್ಚಿನ ಗೌರವ. ನಡುಕ ಹೆಚ್ಚಿದಾಗ ಹಲ್ಲು ಲೋಹದಿಂದ ಹೊರಗೇ ಜಿಗಿಯುತ್ತದೆ. ಆಗ ಹಳೆಯ ಸರಳ ಸಮೀಕರಣ ಕೈಕೊಡುತ್ತದೆ. 1981ರಲ್ಲಿ ಅವರೂ ಇಸ್ಮಾಯಿಲ್ ಎಂಬವರೂ ಕಾಲವನ್ನು ಕಿರುಚೂರುಗಳಾಗಿ ಸೀಳಿ, ಪ್ರತಿ ಚೂರಿಗೂ ಬಲವನ್ನೂ ಚಲನೆಯನ್ನೂ ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತೋರಿಸಿದರು. ಸಿಮ್ಯುಲೇಷನ್ ಎಂದು ಈಗಿನವರು ಹೇಳುವುದು ಇಂಥದ್ದನ್ನೇ. ಯಂತ್ರದ ಕಂಬ, ಹಾಸು, ಸ್ಪಿಂಡಲ್‌ಗಳನ್ನೂ ಸಾವಿರಾರು ತುಣುಕುಗಳಾಗಿ ಭಾವಿಸಿ, ಎರಕ ಹೊಯ್ಯುವ ಮೊದಲೇ ಎಲ್ಲಿ ಬಾಗೀತು, ಹೇಗೆ ನಡುಗೀತು ಎಂದು ನೋಡುವುದು ಇಂದು ವಿನ್ಯಾಸಕಾರರಿಗೆ ವಾಡಿಕೆ.

ನಮ್ಮ ನಾಡಿಗೂ ಈ ಕಥೆಗೂ ನಂಟಿದೆ. ಬೆಂಗಳೂರಿನ ತುಮಕೂರು ರಸ್ತೆಯ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ 1962ರಲ್ಲಿ ಸ್ಥಾಪನೆಯಾದದ್ದು ಚೆಕೊಸ್ಲೊವಾಕಿಯಾದ ನೆರವಿನಿಂದಲೇ. ಈಗ ಅದರ ಹೆಸರು ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್.

ಲೆಕ್ಕಕ್ಕೆ ಸುಲಭವಾಗಿ ಸಿಗದ ಒಂದು ಸಂಗತಿ ಉಳಿದಿದೆ. ಬೋಲ್ಟ್ ಹಾಕಿ ಬಿಗಿದ ಕೀಲುಗಳು ನಡುಕವನ್ನು ಎಷ್ಟು ಹೀರಿಕೊಳ್ಳುತ್ತವೆಂದು ಮೊದಲೇ ಹೇಳುವುದು ಕಷ್ಟ. ಅದಕ್ಕಾಗಿ ಇಂದಿಗೂ ಎಂಜಿನಿಯರರು ಬಲವನ್ನಳೆಯುವ ಪುಟ್ಟ ಸುತ್ತಿಗೆಯಿಂದ ಕಟರಿನ ತುದಿಯನ್ನು ಮೆಲ್ಲನೆ ತಟ್ಟಿ, ಅದು ಹೇಗೆ ಮಿಡಿಯುತ್ತದೆಂದು ಅಳೆದು ಗುರುತು ಹಾಕಿಕೊಳ್ಳುತ್ತಾರೆ.