ಖಾಲಿ ಬೆಂಚುಗಳ ನಡುವೆ

ಆದಿತ್ಯವಾರದ ಇಗರ್ಜಿಯೆಂದರೆ ಚಿಕ್ಕಂದಿನಲ್ಲಿ ನನಗೆ ವಾರವಾರವೂ ಬರುವ ಹಬ್ಬ. ಮದುವೆಯಾಗಿ, ಯಜಮಾನರ ವರ್ಗಾವಣೆಗಳ ಬೆನ್ನು ಹಿಡಿದು ಬೈಂದೂರು ಕಡೆಯ ಸಣ್ಣ ಊರೊಂದಕ್ಕೆ ಬಂದ ಮೇಲೆ ಆ ಹಬ್ಬ ಕಳೆಗುಂದಿತು. ಅಲ್ಲಿ ಪೂಜೆಗೆ ಬರುವವರೇ ಕಡಿಮೆ. ಹುಡುಗರೆಲ್ಲ ಮುಂಬಯಿ, ದುಬಾಯಿ ಸೇರಿದ್ದರು. ಉಳಿದವರಲ್ಲಿ ಹಬ್ಬದ ಲೆಕ್ಕಪತ್ರದ ಜಗಳದಿಂದ ಎರಡು ಪಂಗಡ. ಹೊಸಬಳಾದ ನನ್ನನ್ನು ಎಂಟು ತಿಂಗಳಾದರೂ ಯಾರೂ ನಿಂತು ಮಾತಾಡಿಸಲಿಲ್ಲ. ಒಂದು ವಾರ ಮಳೆ, ಇನ್ನೊಂದು ವಾರ ತಲೆನೋವು ಎಂದು ನಾನೂ ನೆಪ ಹುಡುಕತೊಡಗಿದೆ.

"ಎಂತ ಮಾರಾಯ್ತಿ, ಈ ಆಯ್ತವಾರವೂ ಇಗರ್ಜಿಗೆ ಹೋಯ್ಲಿಲ್ಯಾ?" ಎಂದು ಪಕ್ಕದ ಮನೆಯ ಶೆಟ್ಟರ ಅಮ್ಮ ಕೇಳಿದಾಗ ಮುಖ ಎತ್ತಲಾಗಲಿಲ್ಲ.

ಆ ಮಳೆಗಾಲದಲ್ಲಿ ಬ್ರಹ್ಮಾವರಕ್ಕೆ, ನನ್ನ ಸೋದರತ್ತೆಯ ಮನೆಗೆ ಹೋದೆ. ಕುಂದಾಪುರದಲ್ಲಿ ಬಸ್ಸು ಬದಲಿಸಿ, ಕೋಟ, ಸಾಲಿಗ್ರಾಮ ದಾಟಿ ಇಳಿದಾಗ ಸೀರೆಯ ಅಂಚೆಲ್ಲ ಒದ್ದೆ. ನಾವು ರೋಮನ್ ಕಥೋಲಿಕರು. ಅತ್ತೆಯನ್ನು ಕೊಟ್ಟದ್ದು ಸಿರಿಯನ್ ಆರ್ಥೊಡಾಕ್ಸ್ ಮನೆಗೆ. ನನ್ನ ದೂರನ್ನೆಲ್ಲ ಕೇಳಿದ ಅತ್ತೆ ಏನೂ ಹೇಳದೆ ಕೊಡೆ ಬಿಚ್ಚಿ, ಸಂತ ಮರಿಯಮ್ಮನವರ ಕೆಥೆಡ್ರಲಿಗೆ ಕರೆದುಕೊಂಡು ಹೋದರು. ಪಾದ್ರಿ ನೊರೊನ್ಹಾ ಅವರ ಸಮಾಧಿಯ ಮುಂದೆ ನಿಲ್ಲಿಸಿ, "ಇವರ ಕತೆ ಗೊತ್ತುಂಟಾ ನಿನಗೆ?" ಎಂದರು.

ಕತೆ ಶುರುವಾಗುವುದು 1886ರಲ್ಲಿ. ಅದುವರೆಗೆ ನಮ್ಮ ಕರಾವಳಿಯ ಕೆಲವು ಇಗರ್ಜಿಗಳು ಪೋರ್ಚುಗಲ್ ಅರಸರ ಹಕ್ಕಿಗೆ ಒಳಪಟ್ಟು ಗೋವೆಯ ಕೈಕೆಳಗಿದ್ದವು, ಕೆಲವು ರೋಮಿನ ನೇರ ಆಡಳಿತದಲ್ಲಿದ್ದವು. ಆ ವರ್ಷ ಪೋಪರಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಗೋವೆಯ ಕೈಕೆಳಗಿದ್ದ ಇಲ್ಲಿನ ಇಗರ್ಜಿಗಳು ಮಂಗಳೂರು ಬಿಷಪರ ಆಡಳಿತಕ್ಕೆ ಬರಬೇಕಾಯಿತು. ಅನೇಕರಿಗೆ ಅದು ಹಿಡಿಸಲಿಲ್ಲ. ಗೋವೆಯವರಾದ ಅಂತೋನಿ ಫ್ರಾನ್ಸಿಸ್ ಅಲ್ವಾರಿಸ್ ಮಲಂಕರ ಸಭೆಯನ್ನು ಸೇರಿ, 1889ರಲ್ಲಿ ಕೋಟ್ಟಯಂನಲ್ಲಿ ಬಿಷಪರಾಗಿ ಮಾರ್ ಜೂಲಿಯಸ್ ಎಂಬ ಹೆಸರು ಪಡೆದರು. ಅವರ ಸಂಗಾತಿ ರೋಕ್ ಜೆಫ್ರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ನಿಂತರು.

ಯಾರು ಸರಿ, ಯಾರು ತಪ್ಪು ಎಂಬ ವಾದ ನನಗೆ ಬೇಡ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಸಂಗತಿ. ಮೊದಲ ಹುರುಪಿನಲ್ಲಿ ಕೂಡಿದ್ದ ಎಷ್ಟೋ ಮನೆಯವರು ವರ್ಷಗಳು ಕಳೆದಂತೆ ಹಳೆಯ ಸಭೆಗೇ ಹಿಂದಿರುಗಿದರು. ಗೋವೆಯಲ್ಲಿ ಮಾರ್ ಜೂಲಿಯಸ್ ಅವಮಾನ, ಬಂಧನ ಎಲ್ಲ ಕಂಡರು. ಆದರೂ ಪಣಜಿಯಲ್ಲಿ ಬಡವರಿಗಾಗಿ ಬೇಡಲು ನಾಚಲಿಲ್ಲ. 1923ರಲ್ಲಿ ಅವರು ತೀರಿಕೊಂಡಾಗ ಬ್ರಹ್ಮಾವರದವರಿಗೆ ಹತ್ತಿರದಲ್ಲಿ ತಮ್ಮವರೆನ್ನುವ ಬಿಷಪರೇ ಇಲ್ಲ. ಕೇರಳ ದೂರ, ಅಲ್ಲಿನ ಭಾಷೆ ಬೇರೆ. ಇವರ ಮನೆಮಾತು ಕೊಂಕಣಿ.

ಹೊರಟುಹೋಗಲು ನೊರೊನ್ಹಾ ಅವರಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿತ್ತೇ? ಅವರು ಹೋಗಲಿಲ್ಲ. 1936ರಲ್ಲಿ ಕಣ್ಣು ಮುಚ್ಚುವ ತನಕ, ಹೆಚ್ಚುಕಡಿಮೆ ಅರ್ಧ ಶತಮಾನ, ಉಳಿದವರ ಜೊತೆ ಉಳಿದರು. ಮಕ್ಕಳಿಗೆ ಶಾಲೆ ತೆರೆದರು. ಅವರು ಹೋಗಿ 74 ವರ್ಷಗಳ ನಂತರ, 2010ರಲ್ಲಿ, ಬ್ರಹ್ಮಾವರವೇ ಒಂದು ಧರ್ಮಪ್ರಾಂತ್ಯವಾಯಿತು. ಅದನ್ನು ಅವರು ನೋಡಲಿಲ್ಲ.

"ಪಾದ್ರಿಯೊಬ್ಬರೇ ನಿಂತದ್ದಲ್ಲ ಮಗಾ," ಎಂದರು ಅತ್ತೆ. "ಆದಿತ್ಯವಾರ ಬೆಳಿಗ್ಗೆ ಗಂಜಿ ಬೇಯಿಸಿಟ್ಟು, ಮಕ್ಕಳನ್ನು ಎಳೆದುಕೊಂಡು ಬಂದು ಕೂತ ಹೆಂಗಸರೂ ಇದ್ದರಲ್ಲ, ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ."

ನನಗೆ ಸುರುಕ್ಕೆಂದಿತು. ನಾನು ಇಷ್ಟು ದಿನ ಬೆಂಚುಗಳನ್ನು ಎಣಿಸುತ್ತಿದ್ದೆ. ನನ್ನದೂ ಒಂದು ಖಾಲಿ ಜಾಗ ಎಂಬುದನ್ನು ಮರೆತಿದ್ದೆ. ಯಾರೂ ಮಾತಾಡಿಸುವುದಿಲ್ಲ ಎಂದು ಕೊರಗಿದೆನೇ ಹೊರತು, ನಾನಾದರೂ ಯಾರನ್ನು ಮಾತಾಡಿಸಿದ್ದೆ?

ಮುಂದಿನ ಆದಿತ್ಯವಾರ ಹೋದೆ. ಜನ ಹೆಚ್ಚಿರಲಿಲ್ಲ. ಲೆಕ್ಕದ ಜಗಳವೂ ಮುಗಿದಿರಲಿಲ್ಲ. ಪೂಜೆ ಮುಗಿದಾಗ ಮೆಟ್ಟಿಲಿಳಿಯಲು ತಡಕಾಡುತ್ತಿದ್ದ ಮುದುಕಿಯೊಬ್ಬರ ಕೈ ಹಿಡಿದುಕೊಂಡೆ. "ನೀನು ಹೊಸ ಆಫೀಸರರ ಹೆಂಡತಿಯಲ್ಲವಾ? ನಾಲ್ಕು ವಾರದಿಂದ ಕಾಣಲಿಲ್ಲ, ಹುಷಾರಿರಲಿಲ್ಲವಾ?" ಎಂದರು ಅವರು.

ನಾನಿಲ್ಲದ ವಾರಗಳನ್ನು ಒಬ್ಬರು ಎಣಿಸಿದ್ದರು.